ಹೊಲಿಗೆ ಯಂತ್ರದ ಮೇಲೆ ಸಿಡಿಲು

ಇಳಕಲ್
೧೭ ನವೆಂಬರ್ ೨೦೨೪, ಭಾನುವಾರ

ಅಣ್ಣಾ,

ಬಾಗಲಕೋಟೆ ಜಿಲ್ಲೆಯ ಸಮಸ್ತ ಪ್ರಜೆಗಳಿಗೂ, ಬಾದಾಮಿಯ ಮಂಗಗಳಿಗೂ, ವಿಶೇಷವಾಗಿ ಶಂಕ್ರಪ್ಪ ಎಂಬ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ ಹಾಗೂ ಇನ್ನೂ ನಿವೃತ್ತನಾಗಲೊಲ್ಲದ ವಿನೋದ ಅಂಕಣಕಾರನಿಗೂ ತಿಳಿಯಪಡಿಸುವುದೇನೆಂದರೆ: ಇಂದು ಮಧ್ಯಾಹ್ನ ಊಟವಾದ ಮೇಲೆ ನಮ್ಮ ಪಡಸಾಲೆಯಲ್ಲಿ, ಕ್ಯಾಲೆಂಡರಿನ ಅಕ್ಟೋಬರ್ ಹಾಳೆಯಿಂದ ಹರಿದ ಒಂದು ಚೂರು, ಯಾರೂ ಮುಟ್ಟದೆ, ಫ್ಯಾನು ಹಾಕದೆ, ತಾನಾಗಿ ಮೇಲೆದ್ದು ಸ್ಟೀಲಿನ ಬೋಗುಣಿಗೆ ಅಂಟಿಕೊಂಡಿತು. ಆಮೇಲೆ ಅವಮಾನವಾದವರ ಹಾಗೆ ಹಾರಿ ದೂರ ಬಿತ್ತು.

ನಗಬೇಡ. ನಾನು ಸ್ಥಿರವಿದ್ಯುತ್ತಿನ ಯಂತ್ರ ಕಟ್ಟುತ್ತಿದ್ದೇನೆ. ಪ್ಲಾಸ್ಟಿಕ್ ಪೈಪು ಒಂದು, ಅದರೊಳಗೆ ಮೇಲೆ ಕೆಳಗೆ ಎರಡು ಉರುಳೆ, ಉರುಳೆಗಳ ಸುತ್ತ ಓಡುವ ಪಟ್ಟಿ, ಎಲ್ಲಕ್ಕಿಂತ ಮೇಲೆ ಬಾಯಿಗೆ ಬಾಯಿ ಕೂಡಿಸಿದ ಎರಡು ಬೋಗುಣಿ. ಪಟ್ಟಿ ತಿಕ್ಕಾಡಿದಷ್ಟೂ ವಿದ್ಯುತ್ತು ಹೊತ್ತು ಮೇಲೊಯ್ದು ಬೋಗುಣಿಗೆ ಸುರಿಯಬೇಕು. ಮೋಟಾರು ಮಾತ್ರ ಹೊಸದಲ್ಲ. ನಮ್ಮ ಮನೆಯವರ ಹೊಲಿಗೆ ಯಂತ್ರದ್ದು. ಅವರು ಹೋದಾಗಿನಿಂದ ಅದು ಬಟ್ಟೆ ಹೊದ್ದು ಕೂತಿತ್ತು. ಇಳಕಲ್ಲಿನ ಅರ್ಧ ಊರಿನ ಕುಪ್ಪಸ ಹೊಲಿದ ಮೋಟಾರು, ಸುಮ್ಮನೆ ಕೂಡುವುದು ಅದಕ್ಕೂ ಬೇಸರವಾಗಿರಬೇಕು.

ಗುಡೂರಿನಲ್ಲಿ ನಾವು ಕಲಿತ ಸಾಲಿಗೆ ಒಮ್ಮೆ ಇಂಥದೇ ಯಂತ್ರ ತಂದಿದ್ದರು, ನೆನಪಿದೆಯೇ? ನೀನು ಅದರ ಗುಂಡಿನ ಮೇಲೆ ಕೈಯಿಟ್ಟು, ತಲೆಯ ಕೂದಲೆಲ್ಲ ನೆಟ್ಟಗಾಗಿ, ಮುಳ್ಳುಹಂದಿಯ ಹಾಗೆ ನಿಂತೆ. ನನ್ನ ಸರದಿ ಬಂದಾಗ ಮಾಸ್ತರರು, ‘ಹುಡುಗ್ಯಾರ ಜಡಿಗೆ ಎಣ್ಣಿ ಹಚ್ಚಿರ್ತಾರ, ಕೂದಲಾ ಏಳೂದಿಲ್ಲ’ ಎಂದು ಹಿಂದಕ್ಕೆ ಕಳಿಸಿದರು. ಇಷ್ಟು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದರೂ ಆ ಸಿಟ್ಟು ಇಳಿದಿಲ್ಲ.

ಚೂರು ಹಾರಿದ್ದು ಅದೊಂದೇ ಸಲ. ಸಂಜೆ ಮತ್ತೆ ಓಡಿಸಿದೆ, ಏನೂ ಇಲ್ಲ. ಏನು ದೋಷವೆಂದು ನೀನು ಹೇಳಬೇಕು, ಅದಕ್ಕಿಂತ ಮೊದಲು ನೀನು ಬರಬೇಕು. ಈ ಸಲ ಇವರ ಪುಣ್ಯಸ್ಮರಣೆಗೂ ಬರಲಿಲ್ಲ. ಯಂತ್ರ ಒಂದು ನೆಪ ಎಂದುಕೋ ಬೇಕಾದರೆ.

ದೀಪಾವಳಿಯಿಂದ ನೀನು ಮೊಬೈಲಿಗೆ ಉಪವಾಸ ಹಿಡಿದಿದ್ದರಿಂದ ಈ ಕಾಗದ. ಅಂಚೆ ಪೇದೆ ನನ್ನನ್ನು ಅನುಮಾನದಿಂದ ನೋಡುತ್ತಿದ್ದಾನೆ.

ನಿನ್ನ ತಂಗಿ,
ದಾನೇಶ್ವರಿ

———

ಬಾದಾಮಿ
೨೫ ನವೆಂಬರ್ ೨೦೨೪

ಶ್ರೀಮತಿ ಸಿಡಿಲು ಕಾರ್ಖಾನೆಯ ಮಾಲಕರಿಗೆ,

ನಿಮ್ಮ ಪ್ರಕಟಣೆ ತಲುಪಿತು. ಮಂಗಗಳಿಗೆ ಓದಿ ಹೇಳಿದೆ. ಅವು ಕಾಗದವನ್ನೇ ಕಸಿಯಲು ಬಂದವು, ಅಷ್ಟು ಆಸಕ್ತಿ.

ಈಗ ಕೆಲಸದ ಮಾತು. ಪಟ್ಟಿ ಯಾವುದು? ಬರೆದಿಲ್ಲ ನೋಡು, ಅಂದರೆ ಸೈಕಲ್ ಟ್ಯೂಬು ಕತ್ತರಿಸಿ ಹಾಕಿದ್ದೀ. ನಿನ್ನನ್ನು ಬಲ್ಲೆ. ಕರಿ ರಬ್ಬರಿನಲ್ಲಿ ಇಂಗಾಲ ಬೆರೆಸಿರುತ್ತಾರೆ, ಅದರೊಳಗಿಂದ ವಿದ್ಯುತ್ತು ಹರಿದುಹೋಗುತ್ತದೆ. ತೂತಿನ ಕೊಡದಲ್ಲಿ ನೀರು ಹೊತ್ತ ಹಾಗೆ. ಚೂರು ಒಮ್ಮೆ ಹಾರಿದ್ದೇ ಪವಾಡ. ರೇಷ್ಮೆಯ ಪಟ್ಟಿ ಹಾಕು. ಇಳಕಲ್ಲಿನಲ್ಲಿ ಕೂತು ರೇಷ್ಮೆ ಎಲ್ಲಿ ಸಿಗುತ್ತದೆಂದು ಕೇಳಿದರೆ ನಾನು ನಿನ್ನ ಅಣ್ಣನಲ್ಲ.

ಬರುವ ವಿಷಯ. ಅಂಕಣದ ಕೆಲಸ ಕುತ್ತಿಗೆಗೆ ಬಂದಿದೆ. ವಾರಕ್ಕೊಮ್ಮೆ ಜನರನ್ನು ನಗಿಸುವುದು ಎಷ್ಟು ಕಠಿಣವೆಂದು ನಗುವವರಿಗೆ ಗೊತ್ತಿರುವುದಿಲ್ಲ. ಮುಂಜಾನೆ ಗುಹೆಗಳ ಮೆಟ್ಟಿಲು ಹತ್ತುವುದನ್ನೂ ಬಿಟ್ಟಿದ್ದೇನೆ. ಇಷ್ಟು ವರ್ಷ ದಿನಾ ನೋಡಿ ಆ ಕಲ್ಲಿನ ದೇವರುಗಳಿಗೆ ನನ್ನ ಮುಖ ಸಾಕಾಗಿದೆಯಂತೆ. ನೋಡೋಣ, ಚಳಿ ಇಳಿಯಲಿ.

ನಮ್ಮಾಕೆ, ನಿನ್ನ ವೈನಿ ಸಾವಿತ್ರೆವ್ವ, ನಿನ್ನನ್ನು ಕೇಳಿದ್ದಾಳೆ. ನಿಮ್ಮ ಅತ್ತೆ ಗುರುಲಿಂಗವ್ವನವರಿಗೆ ನನ್ನ ಶರಣು ಹೇಳು.

ಶಂಕ್ರಪ್ಪ

———

ಇಳಕಲ್
೫ ಡಿಸೆಂಬರ್ ೨೦೨೪

ಅಣ್ಣಾ,

ಸೈಕಲ್ ಟ್ಯೂಬೇ. ನಿನ್ನ ಮುಂದೆ ಒಪ್ಪಿಕೊಳ್ಳುವುದು ಎಷ್ಟು ಕಷ್ಟವೋ ನಿನಗೆ ಗೊತ್ತಿಲ್ಲ.

ಓಣಿಯ ಅಹ್ಮದಸಾಬರಿಗೆ ಹೇಳಿ ಮಗ್ಗದ ಮೇಲೆ ಮೂರು ಬೆರಳು ಅಗಲದ ರೇಷ್ಮೆ ಪಟ್ಟಿ ನೇಯಿಸಿದೆ. ಅವರು ಬಹಳ ಹೊತ್ತು ಯೋಚಿಸಿ, ‘ಅಕ್ಕಾರ, ಇದಕ್ಕ ಸೆರಗ ಬ್ಯಾಡೇನ್ರಿ?’ ಎಂದು ಕೇಳಿದರು. ಬೇಡವೆಂದೆ. ಸೆರಗಿಲ್ಲದ್ದನ್ನು ನೇಯ್ದಿದ್ದು ಜನ್ಮದಲ್ಲಿ ಇದೇ ಮೊದಲಂತೆ, ಮುಖದಲ್ಲಿ ಸಂಕಟ ಕಾಣುತ್ತಿತ್ತು. ಪಟ್ಟಿ ಮಾತ್ರ ಗಂಜಿ ಕುಡಿಸಿ ಗರಿಗರಿಯಾಗಿ ತಂದುಕೊಟ್ಟರು.

ಹಾಕಿದೆ. ಓಡಿಸಿದೆ. ಮೋಟಾರು ಗುರುಗುಟ್ಟಿತು, ಪಟ್ಟಿ ಓಡಿತು, ಬೋಗುಣಿ ತಣ್ಣಗೆ ಕೂತಿತ್ತು. ಈಗ ಭಾನುವಾರವೂ ಎಸ್ಸೆಸ್ಸೆಲ್ಸಿ ಹುಡುಗಿಯರಿಗೆ ವಿಶೇಷ ತರಗತಿ ಇರುವುದರಿಂದ ಸಂಜೆಯಷ್ಟೇ ನನಗೆ ಬಿಡುವು. ದಿನಾ ಸಂಜೆ ಓಡಿಸುತ್ತೇನೆ, ದಿನಾ ಸಂಜೆ ಸೋಲುತ್ತೇನೆ.

ವೈನಿಗೆ ಫೋನು ಮಾಡಿದ್ದೆ. ‘ಅವ್ರು ಜಳಕಾ ಮಾಡಾಕ ಹತ್ಯಾರವಾ’ ಎಂದರು. ಮೊನ್ನೆ ಮಾಡಿದಾಗಲೂ ಜಳಕ. ಅದಕ್ಕೂ ಮೊದಲು ಮಾಡಿದಾಗಲೂ. ಮನುಷ್ಯ ಇಷ್ಟು ಜಳಕ ಮಾಡಿದರೆ ಸಾಬೂನಿಗಿಂತ ಮೊದಲು ತಾನೇ ಕರಗುತ್ತಾನೆ.

ಒಂದು ಮಾತು ಕೇಳುತ್ತೇನೆ. ಹೋದ ವರ್ಷ ಪುಣ್ಯಸ್ಮರಣೆಯ ದಿನ ಎಲ್ಲರ ಮುಂದೆ ನಿನಗೆ ಅಂದುಬಿಟ್ಟೆ. ನೀನು ಏನೋ ಚೇಷ್ಟೆ ಮಾಡಿ ಬೀಗರನ್ನು ನಗಿಸುತ್ತಿದ್ದೆ. ‘ಎಲ್ಲಿ ನಗಬೇಕು, ಎಲ್ಲಿ ನಗಬಾರ್ದು ಅನ್ನೂದ ನಿನಗ ಎಂದೂ ತಿಳಿಯೂದಿಲ್ಲ’ ಎಂದೆ. ನೀನು ಎಲೆ ಬಿಟ್ಟು ಎದ್ದೆ. ಅದಕ್ಕೇ ಬರುತ್ತಿಲ್ಲವೇ? ಹಾಗಿದ್ದರೆ ಹೇಳಿಬಿಡು. ಅಂದು ನನಗೆ ಯಾರಾದರೂ ನಕ್ಕರೆ ಮೈಯೆಲ್ಲ ಉರಿಯುತ್ತಿತ್ತು. ಈಗ ಹಾಗಿಲ್ಲ.

ದಾನೇಶ್ವರಿ

———

ಬಾದಾಮಿ
೯ ಜನವರಿ ೨೦೨೫

ತಂಗೀ,

ಉತ್ತರ ತಡವಾಯಿತು. ಬಾಗಲಕೋಟೆಯಲ್ಲಿ ಸ್ವಲ್ಪ ಕೆಲಸವಿತ್ತು. ಅಕ್ಷರ ಓಲಾಡುತ್ತಿದ್ದರೆ ಪೆನ್ನು ಹೊಸದೆಂದು ತಿಳಿ.

ಗಂಜಿ ತೊಳೆದು ತೆಗೆ. ಗಂಜಿ ಗಾಳಿಯ ತೇವವನ್ನು ಹೀರುತ್ತದೆ, ತೇವವಿದ್ದಲ್ಲಿ ಈ ವಿದ್ಯುತ್ತು ನಿಲ್ಲುವುದಿಲ್ಲ. ಬಿಸಿನೀರಲ್ಲಿ ಅದ್ದಿ, ನೆರಳಲ್ಲಿ ಒಣಗಿಸು. ಬೋಗುಣಿಗಳ ಅಂಚು ಮೊನಚಾಗಿದ್ದರೆ ಉಸುಕು ಕಾಗದದಿಂದ ತಿಕ್ಕಿ ನುಣುಪು ಮಾಡು. ಮೊನಚು ಇದ್ದಲ್ಲಿಂದ ಸೋರಿಹೋಗುತ್ತದೆ.

ಆ ದಿನದ ಮಾತಿಗೆ ನನಗೆ ಸಿಟ್ಟಿಲ್ಲ. ಎಲೆ ಬಿಟ್ಟು ಎದ್ದದ್ದು ಸಿಟ್ಟಿಗೂ ಅಲ್ಲ, ಅಂದು ಸ್ವಲ್ಪ ಕಣ್ಣು ಕತ್ತಲೆಗಟ್ಟಿದ ಹಾಗಾಗಿತ್ತು. ಹೋಳಿಗೆ ಜಾಸ್ತಿಯಾಗಿರಬೇಕು.

ಇತ್ತೀಚೆಗೆ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದೆಂದು ಅಪ್ಪಣೆಯಾಗಿದೆ. ಅಪ್ಪಣೆ ಯಾರದೆಂದು ಕೇಳಬೇಡ, ಮನೆಯಲ್ಲಿ ಸರ್ಕಾರ ಒಂದೇ ಇದೆ. ಹೀಗಾಗಿ ಅಂಗಿ ತೊಡಿಸುವುದೂ ನಿನ್ನ ವೈನಿಯೇ. ತೊಡಿಸುತ್ತ, ‘ಸಣ್ಣ ಹುಡುಗರಕಿಂತಾ ಹಟಾ ಭಾಳ’ ಎನ್ನುತ್ತಾಳೆ.

ಯಂತ್ರ ಒಡನೆ ಕೈಗೆ ಬರುವುದಿಲ್ಲವೆಂದು ಬೇಸರಪಡಬೇಡ.

ಶಂಕ್ರಪ್ಪ

———

ಇಳಕಲ್
೩೧ ಜನವರಿ ೨೦೨೫

ಅಣ್ಣನವರಿಗೆ,

ನವರಿಗೆ ಎಂದು ಬರೆದದ್ದು ಬೇಕೆಂದೇ.

ಅಹ್ಮದಸಾಬರ ಅಳಿಯ ಫಾರೂಕ ಟೆಂಪೋ ಹೊಡೆಯುತ್ತಾನಲ್ಲ, ಡಿಸೆಂಬರ್ ಕೊನೆಗೆ ಬಾಗಲಕೋಟೆಯಲ್ಲಿ ನಿಮ್ಮಿಬ್ಬರನ್ನೂ ಕಂಡನಂತೆ. ಈಗ ಬಂದು ಹೇಳುತ್ತಾನೆ. ‘ಅಣ್ಣಾರು ಮತ್ತ ವೈನಿ ಹೊಸಾದಾಗಿ ಲಗ್ನಾ ಆದೋರಂಗ ಕೈ ಹಿಡಕೊಂಡ ಸಾವಕಾಶ ಹೊಂಟಿದ್ರು’ ಎಂದ. ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಒಳಗೆ ಬಂದು ಕೂತೆ. ಬಾಗಲಕೋಟೆಯ ತನಕ ತಿರುಗಾಡಲು ಬರುತ್ತದೆ, ಅಲ್ಲಿಂದ ಇಳಕಲ್ಲಿಗೆ ಬಸ್ಸು ಮಾತ್ರ ಸಿಗುವುದಿಲ್ಲ. ಇವರಿದ್ದಾಗ ನೀನು ತಿಂಗಳಿಗೊಮ್ಮೆ ಬರುತ್ತಿದ್ದೆ. ಅಂದರೆ ಬರುತ್ತಿದ್ದುದು ಇವರಿಗಾಗಿ, ಇವರ ಸಂಗಡ ಇಸ್ಪೀಟು ಆಡಲಿಕ್ಕೆ. ತಂಗಿ ಚಹಾ ಮಾಡುವವಳು.

ಯಂತ್ರದ ವರದಿ: ಗಂಜಿ ತೊಳೆದೆ, ಅಂಚು ತಿಕ್ಕಿದೆ. ಏನೂ ಆಗಲಿಲ್ಲ. ಆದರೆ ಮೊನ್ನೆ ಅಮಾವಾಸ್ಯೆಗೆ ಅತ್ತೆ ಮಹಾಕೂಟಕ್ಕೆ ಹೋಗಿ ಅಲ್ಲೇ ಉಳಿದರು. ಆ ಸಂಜೆ ಓಡಿಸಿದೆ ನೋಡು, ಬೋಗುಣಿಯ ಹತ್ತಿರ ಬೆರಳು ಒಯ್ದರೆ ಚಟ್ ಎಂದು ನೀಲಿ ಕಿಡಿ. ಕೈ ಹಿಂದಕ್ಕೆಳೆದುಕೊಂಡು ಒಬ್ಬಳೇ ನಕ್ಕೆ. ಮರುದಿನ ಅತ್ತೆ ಬಂದರು, ಸಂಜೆ ಯಂತ್ರ ಮತ್ತೆ ಸತ್ತಿತು. ಅತ್ತೆ ಊರಲ್ಲಿದ್ದರೆ ವಿದ್ಯುತ್ತೂ ಅಂಜುತ್ತದೆ ಎಂದು ಹುಡುಗಿಯರಿಗೆ ಸಿದ್ಧಾಂತ ಬರೆಸಲೇ?

ನೀನು ಬರುವುದು ಬೇಡ. ದೋಷ ಏನೆಂದು ಬರೆದರೆ ಸಾಕು.

ದಾನೇಶ್ವರಿ

———

ಬಾದಾಮಿ
೫ ಫೆಬ್ರವರಿ ೨೦೨೫

ತಂಗೀ,

ಇಸ್ಪೀಟಿನ ಮಾತು ನಾಟಿತು. ಹೊಳಬಸಪ್ಪನ ಸಂಗಡ ಆಡುವಾಗ ನಾನು ಬೇಕೆಂದೇ ಸೋಲುತ್ತಿದ್ದೆ, ಇನ್ನೊಂದು ಆಟವಾಗಲಿ ಎಂದು, ಇನ್ನೊಂದು ಚಹಾ ಬರಲಿ ಎಂದು. ಚಹಾ ತಂದವಳು ಕೂತು ಬೈಯುತ್ತಿದ್ದಳಲ್ಲ, ಅದನ್ನು ಕೇಳಲಿಕ್ಕೆ. ಇದನ್ನು ನಂಬುವುದು ಬಿಡುವುದು ನಿನ್ನಿಷ್ಟ.

ನಿನ್ನ ಅತ್ತೆಯ ಸಿದ್ಧಾಂತವನ್ನು ಬಹಳ ಹೊತ್ತು ಯೋಚಿಸಿದೆ. ಮೊದಲ ಸಲ ಚೂರು ಹಾರಿದ್ದು ಮಧ್ಯಾಹ್ನ. ಸೋತದ್ದೆಲ್ಲ ಸಂಜೆ. ಗೆದ್ದ ಸಂಜೆ ಒಂದೇ, ಅಂದು ಗುರುಲಿಂಗವ್ವನವರು ಮನೆಯಲ್ಲಿಲ್ಲ. ಅಂದರೆ ಪಟ್ಟಿ, ಅಂಚು, ಉರುಳೆ ಯಾವುದರ ತಪ್ಪೂ ಅಲ್ಲ. ದಿನಾ ಸಂಜೆ ಅವರು ಮಾಡುವ ಏನೋ ಒಂದು, ಆ ಸಂಜೆ ಆಗಲಿಲ್ಲ.

ಒಂದೇ ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡ. ಹೊಳಬಸಪ್ಪನ ಫೋಟೋ ಎಲ್ಲಿ ಹಾಕಿದ್ದೀರಿ?

ಶಂಕ್ರಪ್ಪ

———

ಇಳಕಲ್
೧೧ ಫೆಬ್ರವರಿ ೨೦೨೫

ಅಣ್ಣಾ,

ಹೊಲಿಗೆ ಯಂತ್ರದ ಮೇಲೆಯೇ, ಗೋಡೆಗೆ. ಅದರ ಮುಂದೆ, ನನ್ನ ಬೋಗುಣಿಯಿಂದ ಗೇಣುದ್ದ ದೂರಕ್ಕೆ, ಅತ್ತೆ ದಿನಾ ಹೊತ್ತು ಮುಳುಗುವಾಗ ದೀಪ ಹಚ್ಚುತ್ತಾರೆ. ಎರಡು ಬತ್ತಿ, ತುಂಬ ಎಣ್ಣೆ.

ನಿನ್ನ ಪ್ರಶ್ನೆ ಓದಿದ ತಕ್ಷಣ ನನಗೆ ಹೊಳೆಯಿತು. ಉರಿಯ ಸುತ್ತಲಿನ ಗಾಳಿಯಲ್ಲಿ ವಿದ್ಯುತ್ತು ಹರಿಯುತ್ತದೆ, ಕೂಡಿದ್ದೆಲ್ಲ ಸದ್ದಿಲ್ಲದೆ ಸೋರಿಹೋಗುತ್ತದೆ. ಇದನ್ನು ನಾನೇ ಪಾಠ ಮಾಡಿದ್ದೇನೆ. ಆದರೆ ಆ ದೀಪದ ಕಡೆ ನಾನು ನೋಡುವುದಿಲ್ಲ. ಬೆನ್ನು ತಿರುಗಿಸಿ ಕೂತು ಸ್ಕ್ರೂ ತಿರುಗಿಸುತ್ತೇನೆ. ಇವರು ಹೋದಾಗಿನಿಂದ ಒಂದು ದಿನವೂ ನಾನು ಅದನ್ನು ಹಚ್ಚಿಲ್ಲ. ಹಚ್ಚಿದರೆ ಒಪ್ಪಿಕೊಂಡ ಹಾಗೆ ಎನಿಸುತ್ತದೆ. ಅತ್ತೆ ಊರಲ್ಲಿಲ್ಲದ ಸಂಜೆ ದೀಪವೇ ಇರಲಿಲ್ಲ, ನನಗೆ ಅದರ ನೆನಪೂ ಆಗಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅತ್ತೆಗೆ ಹೇಳುವುದು ಹೇಗೆಂದು ಮೂರು ಸಲ ಅಡುಗೆಮನೆಯ ತನಕ ಹೋಗಿ ಬಂದೆ. ಕೊನೆಗೆ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ‘ಅಷ್ಟನ? ದೀಪಾ ಅಡಗಿಮನ್ಯಾಗ ಗ್ವಾಡಿ ಮಾಡದಾಗ ಇಡ್ತೇನಿ ತಗೋ. ಅವಗೂ ಮಿಷನ್ ಸುಮ್ಮ ಕುಂತ್ರ ಆಗಿಬರ್ತಿರಲಿಲ್ಲ’ ಎಂದರು.

ಆ ಸಂಜೆ, ಅಣ್ಣಾ, ಬೆರಳುದ್ದದ ಕಿಡಿ. ವಾರದಿಂದ ತಲೆಗೆ ಎಣ್ಣೆ ಹಚ್ಚಿರಲಿಲ್ಲ. ಜಡೆ ಬಿಚ್ಚಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು, ಬೋಗುಣಿಯ ಮೇಲೆ ಕೈಯಿಟ್ಟೆ. ನನ್ನ ನರೆಗೂದಲೆಲ್ಲ ಒಂದೊಂದಾಗಿ ಎದ್ದು ನಿಂತಿತು. ಅತ್ತೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟು ನಕ್ಕರು. ಎರಡು ವರ್ಷದಿಂದ ಈ ಮನೆಯಲ್ಲಿ ಕೇಳದ ಸದ್ದು. ಗುಡೂರಿನ ಮಾಸ್ತರರು ಇರಬೇಕಿತ್ತು.

ಇನ್ನು ಮುಖ್ಯ ವಿಷಯ. ಹೋದ ಕಾಗದದ ಸಿಟ್ಟನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನೀನು ಬರಲೊಲ್ಲೆ, ಇರಲಿ, ಯಂತ್ರವೇ ಬರುತ್ತದೆ. ಈ ಭಾನುವಾರ, ಹದಿನಾರಕ್ಕೆ, ಫಾರೂಕನ ಟೆಂಪೋ ಬಾದಾಮಿಗೆ ಹೊರಟಿದೆ. ಹೊಲಿಗೆ ಯಂತ್ರ, ಬೋಗುಣಿ, ನಾನು, ಮೂವರೂ ನಿನ್ನ ಪಡಸಾಲೆಗೆ ಇಳಿಯುತ್ತೇವೆ. ತಪ್ಪಿಸಿಕೊಳ್ಳಲು ಜಳಕಕ್ಕೆ ಹೋದರೆ ಬಚ್ಚಲ ಬಾಗಿಲಲ್ಲೇ ಹೂಡುತ್ತೇನೆ. ತಲೆಯಲ್ಲಿ ಉಳಿದ ನಾಲ್ಕು ಕೂದಲನ್ನು ತೊಳೆದು ಒಣಗಿಸಿಟ್ಟಿರು. ಈ ಸಲ ನೀನು ಕೈಯಿಡುವ ತನಕ ನಾನು ಬಿಡುವುದಿಲ್ಲ.

ದಾನೇಶ್ವರಿ

———

ಬಾದಾಮಿ
೧೪ ಫೆಬ್ರವರಿ ೨೦೨೫
(ಇಳಕಲ್ ಬಸ್ಸಿನ ಕಂಡಕ್ಟರ್ ಗೌಸಸಾಬರ ಕೈಯಲ್ಲಿ)

ದಾನಮ್ಮಾ,

ನಿನ್ನ ಕಾಗದ ಈಗ ಬಂತು. ಅಂಚೆಗೆ ಹಾಕಿದರೆ ಭಾನುವಾರದೊಳಗೆ ಮುಟ್ಟುವುದಿಲ್ಲವೆಂದು ಇದನ್ನು ಬಸ್ಸಿಗೆ ಕೊಡುತ್ತಿದ್ದೇನೆ.

ಯಂತ್ರ ತರಬೇಡ.

ನನ್ನಲ್ಲಿಯೂ ಒಂದು ಯಂತ್ರವಿದೆ. ಎಡ ಭುಜದ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣಕ್ಕಿಂತ ಸಣ್ಣದು. ಹೃದಯ ಬಡಿಯುವುದನ್ನು ಮರೆತಾಗ ಅದಕ್ಕೆ ನೆನಪು ಮಾಡಿಕೊಡುವುದು ಅದರ ಕೆಲಸ. ಪೇಸ್‌ಮೇಕರ್. ಡಿಸೆಂಬರಿನಲ್ಲಿ ಬಾಗಲಕೋಟೆಯಲ್ಲಿ ಹಾಕಿದರು. ಅದಕ್ಕೂ ಮೊದಲು ಒಂದು ವರ್ಷದಿಂದ ಆಗಾಗ ಕಣ್ಣು ಕತ್ತಲೆಗಟ್ಟುತ್ತಿತ್ತು. ಒಮ್ಮೆ ಬಾದಾಮಿಯ ಬಜಾರಿನಲ್ಲೇ ಬಿದ್ದೆ, ಉಳ್ಳಾಗಡ್ಡಿಯ ರಾಶಿಯ ಮೇಲೆ. ಎದ್ದಾಗ ಸುತ್ತ ಜನ, ಮಾರುವವಳು ಅಳುತ್ತಿದ್ದಳು. ಫಾರೂಕ ಕಂಡದ್ದು ನಾನು ದವಾಖಾನೆಯಿಂದ ಹೊರಬಂದ ದಿನ. ವೈನಿ ಕೈ ಹಿಡಿದದ್ದು ಬೀಳದಿರಲೆಂದು.

ಕಿಡಿ ಹಾರಿಸುವ ಯಾವುದರ ಹತ್ತಿರವೂ ಹೋಗಬಾರದೆಂದು ಡಾಕ್ಟರು ಹೇಳಿದ್ದಾರೆ. ವೆಲ್ಡಿಂಗು ಬೇಡ, ದೊಡ್ಡ ಅಯಸ್ಕಾಂತ ಬೇಡ. ‘ಮನ್ಯಾಗ ಇಂಥಾವು ಏನೂ ಇಲ್ಲಲ್ರಿ?’ ಎಂದು ಕೇಳಿದರು. ‘ಮನ್ಯಾಗ ಇಲ್ರಿ, ತಂಗಿ ಮನ್ಯಾಗ ಐತಿ’ ಎಂದೆ. ತಮಾಷೆ ಎಂದುಕೊಂಡು ನಕ್ಕರು.

ಹೊಳಬಸಪ್ಪನನ್ನು ಒಯ್ದಿದ್ದೂ ಅದೇ ದವಾಖಾನೆಗೆ. ಅಲ್ಲಿನ ಬೆಂಚಿನ ಮೇಲೆ ನೀನು ಎಷ್ಟು ದಿನ ಕೂತಿದ್ದೆಯೆಂದು ನನಗೆ ಗೊತ್ತು, ಪಕ್ಕದಲ್ಲಿ ನಾನೂ ಇದ್ದೆ. ನಿನ್ನನ್ನು ಮತ್ತೆ ಅಲ್ಲಿ ಕೂಡಿಸಲು ಮನಸ್ಸಾಗಲಿಲ್ಲ. ಫೋನಿನಲ್ಲಿ ನನ್ನ ಉಸಿರು ಕೇಳಿದರೆ ನಿನಗೆ ತಿಳಿಯುತ್ತಿತ್ತು, ಅದಕ್ಕೆ ಮೊಬೈಲಿನ ಉಪವಾಸ. ಕಾಗದದಲ್ಲಿ ನಗಲು ಬರುತ್ತದೆ, ದನಿಯಲ್ಲಿ ಬರುವುದಿಲ್ಲ. ನಿನ್ನ ವೈನಿಯನ್ನು ಬೈಯಬೇಡ. ಆಣೆ ಹಾಕಿಸಿದವನು ನಾನು.

ನನ್ನ ತಲೆಯಲ್ಲಿ ನಾಲ್ಕಲ್ಲ, ಇನ್ನೂ ಹತ್ತಿಪ್ಪತ್ತು ಕೂದಲಿವೆ. ಅವು ನಿನ್ನ ಬೋಗುಣಿಯ ಮುಂದೆ ಏಳಲಾರವು. ಇದನ್ನು ನಿನಗೆ ಹೇಳುವುದೇ ನನಗೆ ಆಪರೇಷನ್ನಿಗಿಂತ ಕಷ್ಟವಾಯಿತು.

ಅಣ್ಣ

———

ಇಳಕಲ್
೧೫ ಫೆಬ್ರವರಿ ೨೦೨೫
(ಮರಳಿ ಗೌಸಸಾಬರ ಕೈಯಲ್ಲಿ)

ಅಣ್ಣಾ,

ನಿನ್ನ ಕಾಗದವನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಓದಿದೆ. ಓದಿ ಅಲ್ಲಿನ ಬೆಂಚಿನ ಮೇಲೆ ಕೂತೆ. ನೋಡು, ನೀನು ಎಷ್ಟು ತಪ್ಪಿಸಿದರೂ ಬೆಂಚು ತಪ್ಪಲಿಲ್ಲ. ಗೌಸಸಾಬರು ಬಸ್ಸು ಬಿಡುವ ಹೊತ್ತಾದರೂ ಸೀಟಿ ಊದದೆ, ‘ಅಕ್ಕಾರ, ನೀರ ತರಲೇನ್ರಿ?’ ಎಂದು ಕೇಳಿದರು.

ನಾನು ಸಿಟ್ಟಾಗಿದ್ದೇನೆ. ಎಷ್ಟೆಂದು ಬರೆಯಲು ಕಾಗದ ಸಾಲದು. ನಿನ್ನನ್ನು ಹೆದರಿಸಬಾರದೆಂದು ನಾನು ಅಳುವುದಿಲ್ಲ, ನನ್ನನ್ನು ಹೆದರಿಸಬಾರದೆಂದು ನೀನು ಬರುವುದಿಲ್ಲ. ಹೀಗೇ ಆದರೆ ಇಬ್ಬರಲ್ಲಿ ಒಬ್ಬರು ಹೋದದ್ದು ಇನ್ನೊಬ್ಬರಿಗೆ ಪತ್ರಿಕೆ ಓದಿ ತಿಳಿಯಬೇಕು. ಆ ಬೆಂಚಿನ ಮೇಲೆ ಕೂಡುವುದು ಕಷ್ಟ, ಹೌದು. ಆದರೆ ನೀನು ಅಲ್ಲಿ ಮಲಗಿದ್ದಾಗ ನಾನು ಇಲ್ಲಿ ಬೋಗುಣಿ ತಿಕ್ಕುತ್ತ, ನಿನ್ನ ಜಳಕದ ಮೇಲೆ ಚೇಷ್ಟೆ ಬರೆಯುತ್ತ ಕೂತಿದ್ದೆನಲ್ಲ, ಅದನ್ನು ನೆನೆದರೆ ಅದಕ್ಕಿಂತ ಕಷ್ಟವಾಗುತ್ತದೆ. ನಿನ್ನ ಕಾಗದ ಇನ್ನೊಂದು ದಿನ ತಡವಾಗಿದ್ದರೆ, ಏನೂ ತಿಳಿಯದೆ ಯಂತ್ರ ಹೊತ್ತು ನಿನ್ನ ಬಾಗಿಲಿಗೇ ಬಂದು ನಿಲ್ಲುತ್ತಿದ್ದೆ. ನನ್ನ ಅಕ್ಷರವೂ ಓಲಾಡುತ್ತಿದೆ. ಪೆನ್ನು ಹಳೆಯದೇ.

ಫಾರೂಕನಿಗೆ ಬೇಡವೆಂದು ಹೇಳಿದೆ. ಮನೆಗೆ ಬಂದವಳೇ ಪಟ್ಟಿ ಬಿಚ್ಚಿದೆ, ಮೋಟಾರಿನ ವಯರು ಕಿತ್ತು ಟ್ರಂಕಿನಲ್ಲಿಟ್ಟೆ. ಅತ್ತೆ ಕೇಳಿದರು, ಎಲ್ಲ ಹೇಳಿದೆ. ಕೈಯಲ್ಲಿದ್ದ ಕೆಲಸ ಬದಿಗಿಟ್ಟರು. ಆಮೇಲೆ, ‘ಅವಗ ಬಾ ಅನ್ನು. ಮನ್ಯಾಗ ಗಂಡಸರ ದನಿ ಕೇಳಿ ಭಾಳ ದಿನಾ ಆತು’ ಎಂದರು.

ಆದ್ದರಿಂದ ಬಾ. ಯಂತ್ರ ನೋಡಲಿಕ್ಕಲ್ಲ, ಇಸ್ಪೀಟು ಆಡಲಿಕ್ಕೆ. ಚಹಾ ಮಾಡುತ್ತೇನೆ, ಕೂತು ಬೈಯುತ್ತೇನೆ. ಹೊತ್ತು ಹೋಗದಿದ್ದರೆ ಅತ್ತೆಯೂ ಕೈ ಕೂಡಿಸುತ್ತಾರೆ, ಎಲೆ ಕದಿಯುವುದರಲ್ಲಿ ಇವರಿಗೆ ಗುರು ಅವರೇ.

ನಿನಗೆ ಇನ್ನೂ ಅಂಜಿಕೆಯಿದ್ದರೆ, ನಮ್ಮ ಮನೆಯ ಸಂಶೋಧನೆಯ ಫಲವನ್ನು ವಿಜ್ಞಾನ ಶಿಕ್ಷಕಿಯಾಗಿ ಬರೆದು ಕೊಡುತ್ತೇನೆ: ಎರಡು ಬತ್ತಿಯ ಒಂದು ದೀಪ ಹತ್ತಿರ ಉರಿಯುತ್ತಿರುವ ತನಕ ಈ ಯಂತ್ರ ಒಂದು ಇರುವೆಗೂ ಶಾಕು ಕೊಡಲಾರದು. ಮೂರು ತಿಂಗಳು ನಾವು ಅದನ್ನು ಪರೀಕ್ಷಿಸಿದ್ದೇವೆ. ದೀಪವನ್ನು ಅಡುಗೆಮನೆಯಿಂದ ಮತ್ತೆ ಪಡಸಾಲೆಗೆ ತಂದಾಯಿತು, ಇವರ ಫೋಟೋದ ಮುಂದೆ, ಮೊದಲಿನ ಜಾಗಕ್ಕೇ. ನೀನು ಇರುವಷ್ಟು ದಿನ ಸಂಜೆ ಅದನ್ನು ನಾನೇ ಹಚ್ಚುತ್ತೇನೆ. ಇವತ್ತೂ ಹಚ್ಚಿದೆ.

ಬರುವಾಗ ಒಂದು ಕೆಲಸ ಮಾಡು. ಅತ್ತೆಯ ಬತ್ತಿ ಮುಗಿಯುತ್ತ ಬಂದಿವೆ, ಇಲ್ಲಿ ಸಿಗುವವು ಬೇಗ ಉರಿದುಹೋಗುತ್ತವೆ. ಬಾದಾಮಿಯ ಬಜಾರಿನಲ್ಲಿ ಕೈಯಿಂದ ಹೊಸೆದ ಹತ್ತಿಯ ಬತ್ತಿ ಸಿಗುತ್ತವಲ್ಲ, ಅವು ಒಂದು ಪಾಕೀಟು ತಾ. ಚೀಲ ವೈನಿ ಹಿಡಿಯಲಿ.

ದಾನಮ್ಮ